ಕಾಲ ಮೇಲಿನ ಚಿಣಿ

ಚಿಣಿದಾಂಡಿನ ಆಟದಲ್ಲಿ ನಾನು ದಾಂಡು ಹಿಡಿದು ನಿಂತರೆ ಎದುರಿನವರು ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಇದನ್ನು ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು ಗೊತ್ತು. ಆದರೆ ಹೇಳಬೇಕಾದವರೆಲ್ಲ ತೀರಿಹೋಗಿದ್ದಾರೆ, ಉಳಿದಿರುವ ಒಬ್ಬಿಬ್ಬರಿಗೆ ತಮ್ಮ ಮಂಡಿನೋವು ಬಿಟ್ಟರೆ ಬೇರೆ ಮಾತಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ಹೊಡೆದದ್ದನ್ನೂ ಹೇಳುತ್ತೇನೆ, ಹೊಡೆಯಲಾರದೆ ಹೋದದ್ದನ್ನೂ ಹೇಳುತ್ತೇನೆ. ಎರಡನೆಯದೇ ನನಗೆ ಹೆಚ್ಚು ನೆನಪಿದೆ.

ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ಗಾಡಿದಾರಿಯ ಮೇಲೆ ನಮ್ಮ ಊರು. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು, ನಿಜಾಮರ ಆಳ್ವಿಕೆ. ನನಗೆ ಆಗ ಹದಿನೇಳು ವರ್ಷ. ಸಾಲಿಯಲ್ಲಿ ಉರ್ದು ಅಲಿಫ್ ಬೇ ದಾಟುವಷ್ಟರಲ್ಲಿ ಮೇಷ್ಟರಿಗೂ ನನಗೂ ಸಾಕಾಗಿಹೋಗಿ, ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಕೊಟ್ಟಿದ್ದೆವು. ಕೆಲಸ ಅಂತ ಒಂದಿರಲಿಲ್ಲ. ಯಾರಾದರೂ ಕರೆದರೆ ಹೊಲಕ್ಕೆ ಹೋಗುತ್ತಿದ್ದೆ, ಕರೆಯದಿದ್ದರೆ ಬಯಲಿಗೆ ಹೋಗಿ ಆಡುತ್ತಿದ್ದೆ. ಕರೆಯದ ದಿನಗಳೇ ನನಗೆ ಇಷ್ಟ.

ಈಗಿನ ಮಕ್ಕಳಿಗೆ ಆಟ ಗೊತ್ತಿಲ್ಲ, ಎರಡು ಮಾತು ಹೇಳಿಬಿಡುತ್ತೇನೆ. ಚಿಣಿ ಎಂದರೆ ಗೇಣಿಗಿಂತ ಸಣ್ಣ, ಎರಡೂ ತುದಿ ಚೂಪು ಮಾಡಿದ ಕಟ್ಟಿಗೆಯ ತುಂಡು. ದಾಂಡು ಎಂದರೆ ಅದನ್ನು ಹೊಡೆಯುವ ಮೊಳದುದ್ದದ ಕೋಲು. ಹೊಡೆದ ಚಿಣಿ ಎಷ್ಟು ದೂರ ಬೀಳುತ್ತದೋ ಅಷ್ಟನ್ನು ದಾಂಡಿನಿಂದ ಅಳೆಯುತ್ತಾರೆ, ಯಾರದು ಹೆಚ್ಚೋ ಅವರು ಗೆದ್ದರು. ಇಷ್ಟೇ. ಆದರೆ ನಮ್ಮ ಸೀಮೆಯ ಕಟ್ಟಳೆ ಒಂದಿತ್ತು: ಪಾಳಿ ಬಂದವನ ಮೊದಲ ಏಟು ಕಾಲಿನದು. ಚಿಣಿಯನ್ನು ಬಲಗಾಲ ಮೇಲೆ, ಬೆರಳುಗಳ ಬುಡದಲ್ಲಿ ಇಟ್ಟುಕೊಂಡು, ಕಾಲನ್ನು ಒಂದೇ ಸಲ ಜಾಡಿಸಿ ಮೇಲಕ್ಕೆ ಚಿಮ್ಮಿಸಿ, ಸೊಂಟದ ಮಟ್ಟಕ್ಕೆ ಬಂದಾಗ ಹೊಡೆಯಬೇಕು. ಇದಕ್ಕೆ ವಕಟ ಎನ್ನುತ್ತಿದ್ದೆವು. ವಕಟ ತಪ್ಪಿದರೆ ಪಾಳಿ ಹೋಯಿತು, ದಾಂಡು ಕೆಳಗಿಟ್ಟು ದೂರ ಹೋಗಿ ನಿಲ್ಲಬೇಕು. ಮುಷ್ಟಿಯ ಮೇಲಿನ ಏಟು, ಕಣ್ಣಿನ ಮೇಲಿನ ಏಟು ಎಲ್ಲ ಆಮೇಲಿನ ಮಾತು.

ನನ್ನ ವಕಟ ನೋಡಲು ಬಾವಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ನಾನು ಹೊಡೆದ ಒಂದು ಚಿಣಿ ಬಯಲಿನಾಚೆಯ ಹುಣಸೆಮರವನ್ನು ದಾಟಿ ಬಿದ್ದಿತ್ತು. ಹುಣಸೆಮರ ದಾಟಿಸಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಅಂದಿನಿಂದ ನನ್ನನ್ನು ಊರಲ್ಲಿ 'ದಾಂಡಿನವ' ಎಂದು ಕರೆಯತೊಡಗಿದರು. ಅದಕ್ಕೂ ಮೊದಲು ನನಗಿದ್ದ ಹೆಸರು ಒಂದೇ: ಕೌದ್ಯಾಕಿ ಮಗ.

ನಮ್ಮವ್ವ ಕೌದಿ ಹೊಲಿಯುತ್ತಿದ್ದಳು. ಅಪ್ಪ ನಾನು ಅಂಬೆಗಾಲಿಡುವಾಗಲೇ ಹೋಗಿಬಿಟ್ಟ. ಹಳೆಯ ಸೀರೆ, ಧೋತರ, ಹರಿದ ಕುಪ್ಪಸ ಯಾರದಾದರೇನು, ಅವ್ವ ಅದನ್ನು ತಂದು ಪದರ ಪದರ ಹರಡಿ, ಮೂಲೆಯಿಂದ ಮೂಲೆಗೆ ಟಾಕು ಹಾಕುತ್ತ ಕೂಡುತ್ತಿದ್ದಳು. ಅವಳು ಹೊಲಿದ ಕೌದಿ ಹೊದೆಯದೆ ನಮ್ಮೂರಲ್ಲಿ ಒಂದು ಮಗುವೂ ಬೆಳೆದಿಲ್ಲ. ನನಗೋ, ಆ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ವಾರಿಗೆಯವರಿಗೆಲ್ಲ ಅಪ್ಪನ ಹೆಸರಿತ್ತು, ಮನೆತನದ ಹೆಸರಿತ್ತು; ನನಗೆ ಮಾತ್ರ ಹರಿದ ಬಟ್ಟೆಯ ಹೆಸರು. ಇದನ್ನು ಈಗ ಬರೆಯುವಾಗ ನನಗೇ ಕೆನ್ನೆಗೆ ಎರಡು ಬಿಗಿದುಕೊಳ್ಳಬೇಕು ಅನಿಸುತ್ತದೆ. ಆದರೆ ಆಗ ಅನಿಸಿದ್ದು ಹಾಗೆಯೇ, ಸುಳ್ಳು ಯಾಕೆ ಹೇಳಲಿ.

ಪ್ರತಿ ಸಂಕ್ರಮಣಕ್ಕೆ ತಳಕಲ್ ಕಡೆಯ ಒಂದು ಊರಿನವರೊಂದಿಗೆ ನಮ್ಮೂರಿನ ಆಟ ನಡೆಯುತ್ತಿತ್ತು. ಒಂದೊಂದು ಕಡೆಗೆ ಏಳು ಜನ. ಆ ಏಳರಲ್ಲಿ ಹಿಂದಿನ ವರ್ಷ ನಾನೊಬ್ಬನಾಗಿದ್ದೆ. ಅದರಲ್ಲಿ ಇರುವವರೆಗೆ ನಾನು ದಾಂಡಿನವ. ಅಲ್ಲಿಂದ ತೆಗೆದರೆ ಮತ್ತೆ ಕೌದ್ಯಾಕಿ ಮಗ. ನನ್ನ ಮಟ್ಟಿಗೆ ಲೋಕದಲ್ಲಿ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ.

ಆ ವರ್ಷದ ಖಂಡೇಪೂಜೆ ಬಂತು. ಮಹಾನವಮಿಗೆ ಎಲ್ಲರ ಮನೆಯಲ್ಲೂ ದುಡಿಯುವ ಸಾಮಾನುಗಳಿಗೆ ಪೂಜೆ. ಒಕ್ಕಲಿಗರ ಮನೆಯಲ್ಲಿ ನೇಗಿಲು, ಕುಡಗೋಲು, ಅಂಗಡಿಯವರಲ್ಲಿ ತಕ್ಕಡಿ, ಬಡಿಗನ ಮನೆಯಲ್ಲಿ ಬಾಚಿ, ಉಳಿ. ನಮ್ಮ ಮನೆಯಲ್ಲಿ ಎರಡು ಸೂಜಿ, ಒಂದು ಕತ್ತರಿ, ಒಂದು ದಾರದ ಉಂಡೆ. ಅವ್ವ ಅವನ್ನು ಹೊಸ ಕೌದಿಯ ಮೇಲಿಟ್ಟು ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದಳು. ಆ ವರ್ಷ ಹೂ ಏರಿಸುವ ಮೊದಲು ನನ್ನ ಕಡೆ ತಿರುಗಿದಳು.

"ನಿನ್ನ ದಾಂಡು, ಚಿಣಿ ತಾ."

"ಅದ್ಯಾಕಬೇ?"

"ಮನ್ಯಾಗ ಒಬ್ಬ ಗಂಡಮಗ ಅದಾನ. ಅವಂದೂ ಒಂದು ಆಯುಧ ಇಡಬಾರ್ದೇನು?"

ನಾನು ನಕ್ಕೆ. ಆಕೆ ನಗಲಿಲ್ಲ. ದಾಂಡನ್ನು ತೊಳೆದು, ಒರೆಸಿ, ಕತ್ತರಿಯ ಪಕ್ಕದಲ್ಲಿ ಮಲಗಿಸಿದಳು. ಚಿಣಿಗೆ ಕುಂಕುಮ ಹಚ್ಚಿ ಅದರ ನಡುವಿಗೆ ಒಂದು ಚೆಂಡುಹೂವನ್ನು ದಾರದಿಂದ ಕಟ್ಟಿದಳು. ಊದಿನಕಡ್ಡಿ ಬೆಳಗಿ, ಎರಡನ್ನೂ ನನ್ನ ಕೈಗಿತ್ತು, ಕಣ್ಣಿಗೆ ಒತ್ತಿಕೋ ಎಂದಳು. ಒತ್ತಿಕೊಂಡೆ. ತಲೆಯೆತ್ತಿದಾಗ ಅವಳ ಕಣ್ಣು ತುಂಬಿದ್ದವು. ಯಾಕೆಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಗಂಡಸಿನ ಸಾಮಾನಿಗೆ ಪೂಜೆಯಾಗದೆ ಹದಿನೈದು ವರ್ಷ ದಾಟಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ನಂತರ.

ಹಬ್ಬ ಮುಗಿದು ಬಯಲಿಗೆ ಹೋದೆ. ಚಿಣಿಯನ್ನು ಕಾಲ ಮೇಲಿಟ್ಟೆ, ಚಿಮ್ಮಿಸಿದೆ, ಬೀಸಿದೆ. ದಾಂಡು ಗಾಳಿಯನ್ನು ಹೊಡೆಯಿತು, ಚಿಣಿ ನನ್ನ ಕಾಲಬುಡದಲ್ಲೇ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುಪಾಳಿಯಲ್ಲೂ ಹಾಗೆಯೇ ಆಯಿತು. ಮೂರನೆಯ ಸಲ ಚಿಣಿಯ ತುದಿಗೆ ತಾಗಿ ಅದು ಪಕ್ಕದ ಜಾಲಿಯ ಪೊದೆಯಲ್ಲಿ ಬಿತ್ತು. ಆ ಸಲ ನಗಲು ನನಗೆ ಮನಸ್ಸಾಗಲಿಲ್ಲ.

ಒಂದು ದಿನ ಹೋಯಿತು, ಒಂದು ವಾರ ಹೋಯಿತು, ದೀಪಾವಳಿ ಹೋಯಿತು. ಮುಷ್ಟಿಯ ಮೇಲೆ ಇಟ್ಟುಕೊಟ್ಟರೆ ಈಗಲೂ ದೂರ ಹೊಡೆಯುತ್ತಿದ್ದೆ. ಆದರೆ ಅಲ್ಲಿಯವರೆಗೆ ಹೋಗಲು ವಕಟ ದಾಟಬೇಕಲ್ಲ, ಅದೇ ದಾಟುತ್ತಿರಲಿಲ್ಲ. ಊರೆಲ್ಲ ಬುದ್ಧಿ ಹೇಳಲು ಶುರುಮಾಡಿತು. ಜೀವಮಾನದಲ್ಲಿ ದಾಂಡು ಮುಟ್ಟದವರೂ ನನ್ನ ಕೈ ಹಿಡಿದು ತಿದ್ದಿದರು. ಒಬ್ಬ ಕಾಲು ಅಗಲಿಸು ಎಂದ, ಇನ್ನೊಬ್ಬ ಕೂಡಿಸು ಎಂದ. ದಾಂಡು ಭಾರವಾಯಿತು ಎಂದು ಒಬ್ಬ ಅದನ್ನು ಕೆತ್ತಿಸಿದ, ಹಗುರವಾಯಿತು ಎಂದು ಇನ್ನೊಬ್ಬ ಮೂರು ದಿನ ಎಣ್ಣೆಯಲ್ಲಿ ನೆನೆಸಿದ. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲ ನೋಡು, ಹುಣಸಿಗಿಡ ದಾಟಿಸಿದ್ದಕ್ಕ ಊರ ಕಣ್ಣೆಲ್ಲಾ ನಿನ್ನ ಮ್ಯಾಲೆ ಬಿದ್ದೈತಿ ಎಂದಳು. ನಾನು ಮಾತ್ರ ಕೆಮ್ಮುತ್ತ ಹೊರಗೆ ಓಡಿದ್ದೆ. ನನಗಂತೂ ಘಾಟು ಚೆನ್ನಾಗಿಯೇ ಬಂದಿತ್ತು.

ನಮ್ಮ ಕಡೆಯವರಿಗೆ ಮುಂದಾಳು ಎಂದರೆ ಕಿರಾಣಿ ಅಂಗಡಿಯವರ ಹಿರಿಯ ಮಗ. ನನಗಿಂತ ಐದಾರು ವರ್ಷ ದೊಡ್ಡವನು, ಒಳ್ಳೆಯವನು. ಒಳ್ಳೆಯವನಾಗಿದ್ದರಿಂದಲೇ ನನಗೆ ಅವನ ಮೇಲೆ ಹೆಚ್ಚು ಸಿಟ್ಟು. ಸಂಕ್ರಮಣಕ್ಕೆ ಎಂಟು ದಿನ ಇರುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ನಿನ್ನ ಬದ್ಲಿ ಆ ಎಡಚನ್ನ ಇಳಸೋಣು ಅಂತ ಮಾಡೀನಿ. ಅವ ದೂರ ಹೊಡ್ಯಂಗಿಲ್ಲ, ಖರೆ. ಆದ್ರ ತಪ್ಪಸಂಗಿಲ್ಲ. ನೀ ಸಿಟ್ಟಾಗಬ್ಯಾಡ."

"ಸಿಟ್ಟ್ಯಾಕ ಆಗ್ಲಿ? ಊರ ಆಟ, ನಿಮ್ಮ ಮರ್ಜಿ."

"ಆತು, ಹಂಗಾದ್ರ ಹಬ್ಬದ ದಿನ ಮುಂಜಾನೆ ಬಾ. ಮೂರು ವಕಟ ನೋಡ್ತೀನಿ. ಹೊಡದ್ರ ನೀನಾ ಇಳಿ."

ಸಿಟ್ಟಿಲ್ಲ ಎಂದ ನಾನು, ಅವನು ಬೆನ್ನು ತಿರುಗಿಸಿದ್ದೇ ತಡ ದಾಂಡನ್ನು ನೆಲಕ್ಕೆ ಅಪ್ಪಳಿಸಿದೆ. ಅದು ಪುಟಿದು ಒಂದು ಮಾರು ದೂರ ಬಿತ್ತು. ಓಡಿಹೋಗಿ ಎತ್ತಿಕೊಂಡು ಮನೆಯ ದಾರಿ ಹಿಡಿದೆ. ಆಗ ಬೇವಿನ ಗಿಡದ ಕೆಳಗಿನಿಂದ ಯಾರೋ ನಗುವುದು ಕೇಳಿಸಿತು.

ಪಿಂಜಾರ ಕಾಕಾ ಅಲ್ಲಿ ಕೂತು ಅರಳೆ ಹಿಂಜುತ್ತಿದ್ದ. ಬಯಲಿನ ಅಂಚಿನ ಆ ಬೇವು ಅವನ ಕೆಲಸದ ಜಾಗ. ಮರದ ಗುಂಡಿನಿಂದ ಬಿಲ್ಲಿನ ನರವನ್ನು ದಿನವಿಡೀ ಬಡಿದು ಹತ್ತಿಯನ್ನು ಹಗುರ ಮಾಡುತ್ತಿದ್ದ. ಅವನು ಗಾದಿ ತುಂಬಿದರೆ ಬಾಯಿ ಹೊಲಿಯುವವಳು ನಮ್ಮವ್ವ. ಇಬ್ಬರೂ ಅಣ್ಣ ತಂಗಿ ಎಂದೇ ಕರೆದುಕೊಳ್ಳುತ್ತಿದ್ದರು. ಕಾಕಾನ ಮೀಸೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಅರಳೆ ಕೂತಿತ್ತು.

"ತಮ್ಮಾ, ಇಲ್ಲಿ ಬಾ. ಈಗ ಏನ್ ಮಾಡ್ದಿ ನೀ?"

"ದಾಂಡು ಒಗದ್ನಿರಿ. ಸಿಟ್ಟು ಬಂದಿತ್ತು."

"ಒಗದಿದ್ದು ನೋಡೀನಿ. ಎತಿಗೊಂಡ ಮ್ಯಾಲೆ ಏನ್ ಮಾಡ್ದಿ?"

ನನಗೆ ನೆನಪಿರಲಿಲ್ಲ. ಅವನೇ ಗುಂಡನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು ತೋರಿಸಿದ. "ಹಿಂಗ ಮಾಡ್ದಿ. ಈಗ ಚಿಣಿ ಕಾಲ ಮ್ಯಾಲೆ ಇಡು. ಹೊಡೀಬ್ಯಾಡ, ಬರೇ ಇಡು."

ಇಟ್ಟೆ.

"ಬೆರಳು ನೋಡ್ಕೊ."

ನೋಡಿದೆ. ಐದೂ ಬೆರಳು ಮಡಚಿಕೊಂಡು ಒಳಗೆ ಸೇರಿದ್ದವು. ನಾನು ಮಡಚಿರಲಿಲ್ಲ. ತಾವಾಗಿಯೇ ಮಡಚಿಕೊಂಡಿದ್ದವು.

"ಚಿಣಿ ಮುಟ್ಟಿದ ಕೂಡ್ಲೆ ನಿನ್ನ ಕಾಲು ಹಿಂದ ಸರಿತೈತಿ. ಮೂರು ತಿಂಗಳಿಂದ ಇಲ್ಲೇ ಕುಂತು ನೋಡಾಕತ್ತೀನಿ. ಹೊಡಿಯೂಕಿಂತ ಮೊದಲ ನೀ ಅದಕ್ಕ ಕೈ ಮುಗೀತಿ. ಏನ್ ಮಾಡೀರಿ ಈ ಚಿಣಿಗೆ?"

ಖಂಡೇಪೂಜೆಯ ಮಾತು ಹೇಳಿದೆ. ಹೇಳುತ್ತಿರುವಾಗಲೇ ನನಗೆ ಎಲ್ಲ ತಿಳಿಯುತ್ತ ಹೋಯಿತು. ಪುಸ್ತಕ ತುಳಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಮೊರ ತುಳಿದರೆ ಒತ್ತಿಕೊಳ್ಳಬೇಕು, ಅನ್ನದ ಅಗುಳು ತುಳಿದರೆ ಒತ್ತಿಕೊಳ್ಳಬೇಕು ಎಂದು ಕಲಿತು ಬೆಳೆದ ಕಾಲು ಅದು. ಅವ್ವ ಹೂ ಏರಿಸಿ ಕಣ್ತುಂಬಿಕೊಂಡ ಚಿಣಿಯನ್ನು ಅದರ ಮೇಲಿಟ್ಟರೆ ಅದು ಹೇಗೆ ಸುಮ್ಮನಿದ್ದೀತು?

ಕಾಕಾ ಬಿಲ್ಲನ್ನು ಮುಟ್ಟಿ ಹೇಳಿದ. "ನಾನೂ ದಿನಾ ಇದನ್ನ ಕಣ್ಣಿಗೊತ್ತಿಕೊಂಡಾ ಕೆಲಸಕ್ಕ ಕುಂದ್ರತೀನಿ. ಆದ್ರ ಹೊಡಿಯೂವಾಗ ಹೊಡೀತೀನಿ. ನಿಮ್ಮವ್ವಗ ಹೇಳು, ಆಕಿ ಏನರ ದಾರಿ ತೋರಸ್ತಾಳ."

"ಹೇಳಂಗಿಲ್ರಿ."

"ಯಾಕ?"

"ಆಕಿ ಅಷ್ಟ ಆಸೇದಿಂದ ಪೂಜಿ ಮಾಡ್ಯಾಳ. ಅದರಿಂದಾನಾ ನನ್ನ ಆಟ ಕೆಡ್ತು ಅಂತ ಹೆಂಗ ಹೇಳ್ಲಿ? ನೀವೂ ಹೇಳಬ್ಯಾಡ್ರಿ."

ಕಾಕಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮತ್ತೆ ಬಿಲ್ಲು ಬಡಿಯತೊಡಗಿದ.

ಕಾರಣ ಗೊತ್ತಾದರೆ ಅರ್ಧ ರೋಗ ಹೋದಂತೆ ಎಂದು ಯಾರೋ ಹೇಳುತ್ತಾರಲ್ಲ, ಅವರು ನನ್ನ ಕೈಗೆ ಸಿಗಬೇಕಿತ್ತು. ಕಾರಣ ಗೊತ್ತಾದ ಮೇಲೆ ನನ್ನದು ಇನ್ನೂ ಕೆಟ್ಟಿತು. ಮೊದಲು ಕಾಲು ಒಂದೇ ಹೆದರುತ್ತಿತ್ತು, ಈಗ ನಾನೂ ಕಾಲನ್ನೇ ನೋಡುತ್ತ ನಿಲ್ಲುತ್ತಿದ್ದೆ. ಬಡಿಗನ ಹತ್ತಿರ ಹೊಸ ಚಿಣಿ ಮಾಡಿಸಿದೆ. ಅದಕ್ಕೆ ಯಾರೂ ಕುಂಕುಮ ಹಚ್ಚಿರಲಿಲ್ಲ, ಆದರೂ ಬೆರಳುಗಳು ಅದೇ ರೀತಿ ಮಡಚಿಕೊಂಡವು. ಎಂಟು ದಿನದಲ್ಲಿ ಒಂದು ವಕಟವೂ ಸರಿಯಾಗಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವ್ವ ಇವತ್ತು ಹೆಂಗಾತು ಎಂದು ಕೇಳಿದರೆ ಛಲೋ ಆತು ಎನ್ನುತ್ತಿದ್ದೆ. ಆಕೆ ನನ್ನ ಮುಖ ನೋಡಿ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಸಂಕ್ರಮಣದ ಮುಂಜಾನೆ ಎಳ್ಳು ಹಚ್ಚಿಕೊಂಡು ಸ್ನಾನ ಮಾಡಿದೆ. ಎದುರು ಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು. ಇನ್ನು ಬಯಲಿಗೆ ಹೋಗಬೇಕು, ಮೂರು ಸಲ ತಪ್ಪಿಸಬೇಕು, ಎಡಚನಿಗೆ ದಾಂಡು ಕೊಟ್ಟು ಬರಬೇಕು ಎಂದು ಯೋಚಿಸುತ್ತ ದಾಂಡು ಹಿಡಿದು ಅಂಗಳಕ್ಕೆ ಬಂದೆ. ಅವ್ವ ಕಟ್ಟೆಯ ಕೆಳಗೆ ಸೂಜಿ ಹಿಡಿದು ಕೂತಿದ್ದಳು.

"ಕುಂದ್ರು. ಕಾಲು ಚಾಚು. ಮುಳ್ಳು ಚುಚ್ಚೈತಿ."

"ಮುಳ್ಳಿಲ್ಲಬೇ."

"ಐತಿ. ಪಿಂಜಾರಣ್ಣ ಹೇಳ್ಯಾನ."

ಕಟ್ಟೆಯ ಮೇಲೆ ಕೂತೆ. ಚಿಕ್ಕಂದಿನಿಂದ ಜಾಲಿಮುಳ್ಳು ತೆಗೆಯುವಾಗ ಮಾಡುತ್ತಿದ್ದಂತೆಯೇ ಆಕೆ ನನ್ನ ಬಲಗಾಲನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಸೂಜಿಯನ್ನು ಸೆರಗಿಗೆ ಚುಚ್ಚಿ, ಮಡಿಲಿನಿಂದ ಚಿಣಿ ತೆಗೆದಳು. ಅದೇ ಹಳೆಯ ಚಿಣಿ, ಬಿರುಕಿನಲ್ಲಿ ಕುಂಕುಮ ಇನ್ನೂ ಉಳಿದಿತ್ತು. ಅದನ್ನು ನನ್ನ ಕಾಲ ಮೇಲೆ ಇಟ್ಟಳು.

ಕಾಲನ್ನು ಕಸಿದುಕೊಳ್ಳಹೋದೆ. ಆಕೆ ಬಿಡಲಿಲ್ಲ, ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದಳು. ಸೂಜಿ ಹಿಡಿದು ಹಿಡಿದು ಆ ಬೆರಳುಗಳಲ್ಲಿ ಎಷ್ಟು ಕಸುವು ಇತ್ತೆಂದು ನನಗೆ ಅಂದೇ ಗೊತ್ತಾದದ್ದು.

"ಈ ಸೂಜಿಗೂ ನಾ ಪೂಜಿ ಮಾಡ್ತೀನಿ, ಹೌದಿಲ್ಲೋ?"

"ಹೌದು."

"ಇದರಿಂದಾನಾ ನಿನ್ನ ಹೊಲಸ ಕಾಲಾಗಿನ ಮುಳ್ಳು ತಗೀತೀನಿ. ಸೂಜಿ ಸಿಟ್ಟಾಗೈತೇನು? ಬಂಡಿಗೆ ಪೂಜಿ ಮಾಡ್ತಾರ, ಮರುದಿನ ಅದರ ಮ್ಯಾಲೆ ಕಾಲಿಟ್ಟ ಹತ್ತತಾರ. ಬಂಡಿ ನಿಂತೈತೇನು?"

ಆಕೆ ಸೆರಗಿನ ತುದಿಯನ್ನು ಎಂಜಲು ಮಾಡಿ, ಚಿಣಿಯ ಬಿರುಕಿನ ಕುಂಕುಮವನ್ನು ತಿಕ್ಕಿ ತಿಕ್ಕಿ ಒರೆಸಿದಳು. ಒರೆಸುತ್ತಲೇ ಹೇಳಿದಳು. "ನಾ ಪೂಜಿ ಮಾಡಿದ್ದು ನೀ ಛಲೋ ಹೊಡಿಲಿ ಅಂತ. ಅದಕ್ಕ ಕೈ ಮುಗಕೊಂತ ನಿಲ್ಲಲಿ ಅಂತಲ್ಲ. ಇಷ್ಟ ನನ್ನ ಮುಂದ ಹೇಳಾಕ ಎಂಟು ದಿನ ಸಾಲಲಿಲ್ಲೇನು ನಿನಗ?"

"ನಿನಗ ಬ್ಯಾಸರ ಆಕ್ಕೈತಿ ಅಂತ..."

"ನನ್ನ ಬ್ಯಾಸರ ನಾ ನೋಡ್ಕೊಂತೀನಿ. ಏಳು. ಕಾಲು ಸರಸಬ್ಯಾಡ, ಹಂಗಾ ಏಳು."

ಒಂಟಿ ಕಾಲಲ್ಲಿ ತೂಗಾಡುತ್ತ ಎದ್ದೆ. ಆಕೆ ಕೂತಲ್ಲಿಂದಲೇ ಚಿಣಿಯನ್ನು ತನ್ನ ಕೈಯಿಂದ ನನ್ನ ಕಾಲ ಮೇಲೆ ಸರಿಯಾಗಿ ಕೂರಿಸಿದಳು. ಬಗ್ಗಿದ ಅವಳ ತಲೆ ನನ್ನ ಮೊಣಕಾಲಿನ ಹತ್ತಿರ ಇತ್ತು. ಕೂದಲಲ್ಲಿ ಒಂದು ನೂಲಿನ ಎಳೆ ಸಿಕ್ಕಿಕೊಂಡಿತ್ತು. ಅವ್ವನ ಕೈಯೇ ಮುಟ್ಟಿದ ಕಾಲು ಅದು, ಇನ್ನು ಅದಕ್ಕೆ ಯಾವ ಮೈಲಿಗೆ ಎಂದು ಅನಿಸಿತು. ಆಕೆ ಪಕ್ಕಕ್ಕೆ ಸರಿದು, "ಹೊಡಿ" ಎಂದಳು.

ಹೊಡೆದೆ.

ಮೂರು ತಿಂಗಳಿಂದ ಕೇಳದಿದ್ದ ಆ ಟಣ್ ಎಂಬ ಸದ್ದು ಅಂಗಳದಲ್ಲಿ ಕೇಳಿಸಿತು. ಚಿಣಿ ಎದುರು ಮನೆಯ ಮಾಳಿಗೆಯನ್ನು ದಾಟಿ ಹಿತ್ತಲಲ್ಲಿ ಎಲ್ಲೋ ಬಿತ್ತು, ಅದರ ಹಿಂದೆಯೇ ಗಡಿಗೆ ಒಡೆದ ಶಬ್ದ ಬಂತು. ಸಜ್ಜೆ ರೊಟ್ಟಿಯ ಸದ್ದು ನಿಂತಿತು. ಎದುರು ಮನೆಯ ಮುದುಕಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಯಾರವ ಅವ, ಹಬ್ಬದ ದಿನ ಗಡಗಿ ಒಡದಾವ?"

ನಾನು ದಾಂಡನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. ಅವ್ವ ಕೂತಲ್ಲಿಂದಲೇ ಹೇಳಿದಳು.

"ನನ್ನ ಮಗ."

ಆ ಮಾತನ್ನು ಆಕೆ ಹೇಳಿದ ರೀತಿ ಕೇಳಿ ಮುದುಕಿಗೆ ಬೈಯುವುದೇ ಮರೆತುಹೋಯಿತು. ಕೌದ್ಯಾಕಿ ಮಗ ಎಂಬ ಮಾತು ಆಕೆಯ ಬಾಯಲ್ಲಿ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಯಲಲ್ಲಿ ಮೂರಕ್ಕೆ ಮೂರೂ ಹೊಡೆದೆ, ಏಳರಲ್ಲಿ ಇಳಿದೆ. ಆ ಸಂಕ್ರಮಣದ ಆಟವನ್ನು ನಾವು ಗೆದ್ದೆವೆಂದು ಬರೆದರೆ ಚೆನ್ನಾಗಿರುತ್ತಿತ್ತು. ಗೆಲ್ಲಲಿಲ್ಲ. ನನ್ನ ವಕಟ ಒಂದೂ ತಪ್ಪಲಿಲ್ಲ, ಹುಣಸೆಮರದ ಬುಡದವರೆಗೂ ಒಂದು ಹೋಯಿತು, ಆದರೆ ತಳಕಲ್ ಕಡೆಯವರು ಆ ವರ್ಷ ಯಾರೋ ಹೊಸ ಹುಡುಗನನ್ನು ತಂದಿದ್ದರು. ಅವನು ನಮ್ಮೆಲ್ಲರನ್ನೂ ಮೀರಿಸಿ ಹೊಡೆದ. ಮುಂದಾಳು ಅವನನ್ನು ಬೈದ, ನಾನು ಬಿಸಿಲನ್ನು ಬೈದೆ. ಸಂಜೆ ಪಿಂಜಾರ ಕಾಕಾನಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ, ಹೇಳಬೇಡ ಎಂದರೂ ಹೇಳಿದಿರಲ್ಲ ಎಂದೆ. ಅವನು ಎಳ್ಳು ಬಾಯಿಗೆ ಹಾಕಿಕೊಂಡು, "ನಾ ಹೂಂ ಅಂದಿದ್ನೇನು?" ಎಂದ.

ಇನ್ನೆರಡು ಚಳಿಗಾಲ ಆಡಿದೆ. ಆಮೇಲೆ ದಾಂಡು ಅಟ್ಟ ಸೇರಿತು. ಅವ್ವನ ಕಣ್ಣು ಮಂಜಾಗುತ್ತ ಬಂದು, ಸೂಜಿಗೆ ದಾರ ಪೋಣಿಸಿಕೊಡಲು ಕೂತವನು ಹಾಗೆಯೇ ಟಾಕು ಹಾಕುವುದನ್ನು ಕಲಿತೆ. ಕೊಪ್ಪಳದಲ್ಲಿ ಒಬ್ಬ ದರ್ಜಿಯ ಹತ್ತಿರ ಎರಡು ವರ್ಷ ಅಂಗಿ ಹೊಲಿಯುವುದನ್ನು ಕಲಿತೆ. ನಲವತ್ತರ ದಶಕದ ಕೊನೆಯಲ್ಲಿ, ಅವನದೇ ಹಳೆಯ ಕಾಲುಮಶೀನನ್ನು ಬಂಡಿಯಲ್ಲಿ ಹೇರಿಕೊಂಡು ಊರಿಗೆ ಬಂದೆ. ಗಂಗಾವತಿಯ ಭತ್ತದ ಹುಲ್ಲನ್ನು ಅದರ ಸುತ್ತ ಒತ್ತಿ ತುಂಬಿದ್ದೆವು, ದಾರಿಯ ಕುಲುಕಾಟಕ್ಕೆ ಏನೂ ಆಗಬಾರದೆಂದು.

ಆ ವರ್ಷದ ಖಂಡೇಪೂಜೆಗೆ ಅವ್ವ ತಾನೇ ಮಶೀನಿಗೆ ವಿಭೂತಿ ಹಚ್ಚಿದಳು. ಕಾಲಿಡುವ ಕಬ್ಬಿಣದ ಹಲಗೆಯನ್ನೂ ಬಿಡಲಿಲ್ಲ, ತಡವಿ ತಡವಿ ಅದರ ನಾಲ್ಕೂ ಮೂಲೆಗೆ ಕುಂಕುಮ ಇಟ್ಟಳು. ಹಬ್ಬ ಕಳೆದು ಮುಂಜಾನೆ ಕೆಲಸಕ್ಕೆ ಕೂತೆ. ಬಟ್ಟೆ ಜೋಡಿಸಿದೆ, ಗಾಲಿಗೆ ಕೈ ಹಚ್ಚಿದೆ. ಕಾಲು ಮೇಲೇಳಲಿಲ್ಲ. ಬಾಗಿ ನೋಡಿದರೆ, ಬೆರಳುಗಳು ಮಡಚಿಕೊಂಡು ಒಳಗೆ ಸೇರಿದ್ದವು.

ಅವ್ವ ಬಾಗಿಲ ಬೆಳಕಿನಲ್ಲಿ ಕೂತು ಕೌದಿಯ ಅಂಚನ್ನು ಬೆರಳಿನಿಂದ ಸವರಿ ಹುಡುಕಿ ಟಾಕು ಹಾಕುತ್ತಿದ್ದಳು. ನನ್ನನ್ನು ನೋಡುವಷ್ಟು ಕಣ್ಣು ಆಗ ಆಕೆಗೆ ಇರಲಿಲ್ಲ. ಮಶೀನು ಸದ್ದು ಮಾಡಲಿಲ್ಲ ಎಂಬುದಷ್ಟೇ ಆಕೆಗೆ ಗೊತ್ತಾಗಿದ್ದು. ಸೂಜಿ ನಿಲ್ಲಿಸದೆ ಕೇಳಿದಳು.

"ಯಾಕೋ, ಮುಳ್ಳು ಚುಚ್ಚೈತೇನು?"

"ಇಲ್ಲಬೇ" ಎಂದು ಕಾಲನ್ನು ಹಲಗೆಯ ಮೇಲಿಟ್ಟು ಒತ್ತಿದೆ.